ಚದರಡಿ ರೇಟಿಗೆ ಮನೆ ಒಪ್ಪಿಕೊಂಡು ಕೈ ಸುಟ್ಟುಕೊಂಡೆ, ನೀವೆಲ್ಲ ಕರಾರು ಹೇಗೆ ಬರೆಯುತ್ತೀರಿ?

ತುಮಕೂರು_ಕಟ್ಟಡ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕಡೆ ಸಣ್ಣದಾಗಿ ಮನೆ ಕಂಟ್ರಾಕ್ಟ್ ಮಾಡುತ್ತೇನೆ. ಡಿಪ್ಲೊಮಾ ಸಿವಿಲ್ ಓದಿ ಆರು ವರ್ಷ ಬೇರೆಯವರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ಸ್ವಂತ ಕೆಲಸ ಶುರು ಮಾಡಿ ಇದು ಮೂರನೇ ವರ್ಷ. ಐದು ಮನೆ ಮುಗಿಸಿದ್ದೇನೆ, ಐದನೆಯದರಲ್ಲಿ ಲಾಸ್.

30x40 ಸೈಟು, ಕೆಳಗೆ ಮೇಲೆ ಸೇರಿ 18 ಚದರ, ಅಂದರೆ 1,800 ಚದರಡಿ. ಮೆಟೀರಿಯಲ್ ಸಮೇತ ಚದರಡಿಗೆ 1,950 ರೂಪಾಯಿ ಅಂತ ಮಾತಾಯಿತು, ಅಂದರೆ 35 ಲಕ್ಷದ ಮೇಲೆ ಚಿಲ್ಲರೆ. ಕರಾರು ಅಂತ ಬರೆದದ್ದು ಒಂದೂವರೆ ಪುಟ. ಅದರಲ್ಲಿ 'ಉತ್ತಮ ಗುಣಮಟ್ಟದ ಸಾಮಗ್ರಿ ಬಳಸತಕ್ಕದ್ದು' ಅಂತ ಒಂದು ಸಾಲು, ಕೆಳಗೆ ಕಂತಿನ ಪಟ್ಟಿ, ಇಬ್ಬರ ಸಹಿ. ಅಷ್ಟೇ.

ಆಮೇಲೆ ಒಂದೊಂದಾಗಿ ಶುರುವಾಯಿತು. 6,000 ಲೀಟರ್ ಅಂದಿದ್ದ ಸಂಪು 10,000 ಆಯಿತು. ಮೆಟ್ಟಿಲಿಗೆ ಟೈಲ್ಸ್ ಬದಲು ಗ್ರಾನೈಟ್ ಬಂತು. ದೇವರ ಮನೆ ಬಾಗಿಲು ತೇಗವೇ ಬೇಕು ಅಂದರು. ಪೋರ್ಟಿಕೊ ಮತ್ತು ಮೇಲಿನ ಹೆಡ್‌ರೂಂ (ತಾರಸಿಯಲ್ಲಿ ಮೆಟ್ಟಿಲು ಮುಚ್ಚುವ ಕೋಣೆ) ಲೆಕ್ಕಕ್ಕೆ ಬರುತ್ತದೆ ಅಂತ ನಾನು, ಬರುವುದಿಲ್ಲ ಅಂತ ಅವರು. ಪ್ರತಿ ಸಲವೂ 'ಚೆನ್ನಾಗಿರೋದನ್ನೇ ಹಾಕಿಕೊಡ್ತೀನಿ ಅಂದಿದ್ರಲ್ಲಾ' ಅಂತ ನನ್ನ ಮಾತನ್ನೇ ನನಗೆ ನೆನಪಿಸಿದರು. ಅವರು ಕೆಟ್ಟವರಲ್ಲ, ಮನೆಗೆ ಕರೆದು ಊಟ ಹಾಕಿದವರು, ಅದಕ್ಕೇ ಜೋರಾಗಿ ಕೇಳುವುದಕ್ಕೂ ಬಾಯಿ ಬರಲಿಲ್ಲ. ಗೃಹಪ್ರವೇಶ ಆಗಿ ನಾಲ್ಕು ತಿಂಗಳಾಯಿತು. ಕೊನೆ ಕಂತು ಮೂರೂವರೆ ಲಕ್ಷ ಇನ್ನೂ ಬಂದಿಲ್ಲ. ಬಾತ್‌ರೂಂ ಹೊರಗೋಡೆಯಲ್ಲಿ ತೇವ ಕಾಣಿಸುತ್ತಿದೆ, ಅದು ಸರಿಯಾಗಲಿ ನೋಡೋಣ ಅನ್ನುತ್ತಾರೆ.

ಈ ನಡುವೆ ಶನಿವಾರದ ಬಟವಾಡೆ ನಿಲ್ಲುವುದಿಲ್ಲವಲ್ಲ. ಮುಂದಿನ ಮನೆಯ ಅಡ್ವಾನ್ಸ್ ತೆಗೆದು ಈ ಮನೆಯ ಗಾರೆಯವರಿಗೆ ಕೊಟ್ಟೆ. ಈಗ ಆ ಮನೆಯ ಪಾಯ ಶುರು ಮಾಡಬೇಕು, ಕೈಯಲ್ಲಿ ದುಡ್ಡು ಕಡಿಮೆ ಇದೆ.

ಮೆಟೀರಿಯಲ್ ಸಮೇತ ಬಿಟ್ಟು ಬರೀ ಲೇಬರ್ ಕಂಟ್ರಾಕ್ಟ್‌ಗೆ ಹೋಗಲಾ? ಕರಾರಿನಲ್ಲಿ ನೀವು ಏನೇನು ಬರೆಯುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನ_ಗಾರೆ

ನಿಮ್ಮ ಪೋಸ್ಟಿನಲ್ಲಿ ನನಗೆ ಭಯ ಆದದ್ದು ಒಂದೇ ಸಾಲು ಓದಿ. ಸಂಪು, ಗ್ರಾನೈಟ್ ಎಲ್ಲ ಆಮೇಲೆ. ಮುಂದಿನ ಮನೆಯ ಅಡ್ವಾನ್ಸ್ ತೆಗೆದು ಹಿಂದಿನ ಮನೆಯ ಬಟವಾಡೆ ಮಾಡಿದೆ ಅಂದಿರಲ್ಲ, ನಮ್ಮಲ್ಲಿ ಎದ್ದವರು ಬಿದ್ದವರು ಎಲ್ಲರೂ ಬಿದ್ದದ್ದು ಅಲ್ಲೇ. ಕೈಯಲ್ಲಿ ಕೆಲಸ ಇರುವವರೆಗೆ ಗೊತ್ತೇ ಆಗುವುದಿಲ್ಲ. ಒಂದು ಮಳೆಗಾಲ ಹೊಸ ಕೆಲಸ ಸಿಗಲಿಲ್ಲ ಅಂದರೆ ಮೂರು ಮನೆಯ ಸಾಲ ಒಟ್ಟಿಗೆ ಬಾಗಿಲಿಗೆ ಬರುತ್ತದೆ. ನಾನು ಈ ಕೆಲಸಕ್ಕೆ ಬಂದು 27 ವರ್ಷ ಆಯಿತು, ಎರಡು ಸಲ ಹಾಗೆ ಆಗಿದೆ ನನಗೂ. ಈಗ ಒಂದು ಮನೆಗೆ ಒಂದು ಪುಸ್ತಕ, ಒಂದು ಬ್ಯಾಂಕ್ ಖಾತೆ. ಆ ಮನೆಯ ದುಡ್ಡು ಆ ಮನೆಯ ಗೋಡೆ ಬಿಟ್ಟು ಹೊರಗೆ ಹೋಗಬಾರದು. ನನ್ನ ಕೂಲಿಯನ್ನೂ ಅದರಿಂದಲೇ ತಿಂಗಳಿಗೆ ಇಷ್ಟು ಅಂತ ತೆಗೆಯುತ್ತೇನೆ. ಲಾಭ ಇದೆಯೋ ಇಲ್ಲವೋ ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಮಟ್ಟದಲ್ಲೇ ಗೊತ್ತಾಗುತ್ತದೆ, ಗೃಹಪ್ರವೇಶದವರೆಗೆ ಕಾಯಬೇಕಾಗಿಲ್ಲ.

ಇನ್ನು ಕರಾರು. ಚದರಡಿ ರೇಟು ತಪ್ಪಲ್ಲ, ಜನಕ್ಕೆ ಅರ್ಥವಾಗುವ ಲೆಕ್ಕ ಅದೊಂದೇ. ಆದರೆ ಯಾವುದರ ಚದರಡಿ ಅಂತ ಬರೆಯಬೇಕು. ನಾನು ಬರೆಯುವುದು ಹೀಗೆ: ಗೋಡೆಯ ಹೊರಮೈಯಿಂದ ಹೊರಮೈಗೆ ಅಳತೆ, ಮೆಟ್ಟಿಲು ಎರಡು ಅಂತಸ್ತಿನಲ್ಲೂ ಪೂರ್ತಿ ಲೆಕ್ಕ, ಹೆಡ್‌ರೂಂ ಪೂರ್ತಿ, ಪೋರ್ಟಿಕೊ ಮತ್ತು ಬಾಲ್ಕನಿ ಅರ್ಧ. ಸಂಪು ಲೀಟರಿಗೆ ಇಷ್ಟು, ಕಾಂಪೌಂಡ್ ಅಡಿಗೆ ಇಷ್ಟು, ಗೇಟು ಕೆಜಿಗೆ ಇಷ್ಟು ಅಂತ ಬೇರೆ. ಪಾಯ ನೆಲಮಟ್ಟದಿಂದ 5 ಅಡಿವರೆಗೆ ರೇಟಿನಲ್ಲಿ ಸೇರಿದೆ, ಕಪ್ಪು ಮಣ್ಣು ಸಿಕ್ಕಿ ಕೆಳಗೆ ಹೋದರೆ ಅಗೆತ, ಕಲ್ಲು, ಕಾಂಕ್ರೀಟ್ ಎಲ್ಲ ಎಕ್ಸ್‌ಟ್ರಾ. ನಕ್ಷೆಯ ಮೇಲೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಮಾಲೀಕರ ಸಹಿ ಹಾಕಿಸುತ್ತೇನೆ.

'ಉತ್ತಮ ಗುಣಮಟ್ಟ' ಅನ್ನುವ ಮಾತನ್ನು ತೆಗೆದುಹಾಕಿ. ನಿಮಗೆ ಉತ್ತಮ ಅಂದರೆ ಒಂದು, ಅವರಿಗೆ ಉತ್ತಮ ಅಂದರೆ ಇನ್ನೊಂದು. ಟೈಲ್ಸ್ ಚದರಡಿಗೆ 55 ರೂಪಾಯಿವರೆಗೆ, ಮುಂಬಾಗಿಲು ಇಷ್ಟು ಸಾವಿರದವರೆಗೆ, ವೈರು ಈ ಕಂಪನಿಯದು ಈ ಸೈಜು, ನಲ್ಲಿ ಒಂದು ಬಾತ್‌ರೂಮಿಗೆ ಇಷ್ಟು ಸಾವಿರದವರೆಗೆ ಅಂತ ಬರೆಯಿರಿ. ಅಂಗಡಿಗೆ ಅವರೇ ಹೋಗಲಿ, ಅವರಿಗೆ ಇಷ್ಟವಾದದ್ದನ್ನೇ ತರಲಿ. ಮೇಲಿನ ದುಡ್ಡು ಅವರದು, ಉಳಿದರೆ ಅದೂ ಅವರದೇ.

2022ರ ಏಪ್ರಿಲ್ ನೆನಪಿದೆಯಾ? ಕಬ್ಬಿಣದ ರೇಟು ವಾರಕ್ಕೊಂದು ಆಗಿತ್ತು. ನಾನು ಕೆಜಿಗೆ 63 ಹಿಡಿದು ರೇಟು ಕೊಟ್ಟಿದ್ದ ಮನೆಗೆ 78ರಲ್ಲಿ ತರಬೇಕಾಯಿತು. 18 ಚದರದ ಮನೆಗೆ ಚದರಡಿಗೆ 4 ಕೆಜಿ ಅಂತ ಹಿಡಿದರೂ 7,200 ಕೆಜಿ. ಕೆಜಿಗೆ 15 ರೂಪಾಯಿ ಏರಿದರೆ 1,08,000 ಹೋಯಿತು. ಆ ಮೇ ತಿಂಗಳಲ್ಲಿ ಸರ್ಕಾರ ಉಕ್ಕಿನ ರಫ್ತಿಗೆ 15% ಸುಂಕ ಹಾಕಿದ ಮೇಲೆ ರೇಟು ಇಳಿಯಿತು, ಆದರೆ ನನ್ನ ಮೋಲ್ಡಿಂಗ್ (ತಾರಸಿ ಕಾಂಕ್ರೀಟ್) ಆಗಲೇ ಮುಗಿದಿತ್ತು. ಅವತ್ತಿನಿಂದ ಕರಾರಿನಲ್ಲಿ ಮೂಲ ರೇಟು ಬರೆಯುತ್ತೇನೆ. ಕಬ್ಬಿಣ ಇಷ್ಟು, ಸಿಮೆಂಟ್ ಚೀಲಕ್ಕೆ ಇಷ್ಟು ಅಂತ ಹಿಡಿದಿದ್ದೇವೆ, 5% ಮೀರಿ ಏರಿದರೆ ವ್ಯತ್ಯಾಸ ಮಾಲೀಕರದು, ಇಳಿದರೆ ಅವರ ಬಿಲ್ಲಿನಲ್ಲೇ ಕಡಿಮೆ. ಎರಡೂ ಕಡೆಗೂ ಅನ್ವಯ ಆಗುವ ಮಾತಾದ್ದರಿಂದ ಇಲ್ಲಿಯವರೆಗೆ ಯಾರೂ ಬೇಡ ಅಂದಿಲ್ಲ.

ಕಂತನ್ನು ಯಾವತ್ತೂ ಕೆಲಸ ಆದ ಮೇಲೆ ಅಂತ ಇಡಬೇಡಿ. ಮೋಲ್ಡಿಂಗ್ ಆದ ಮೇಲೆ ಕಂತು ಅಂದರೆ ಕಬ್ಬಿಣ, ಸಿಮೆಂಟ್, ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದು ನಿಲ್ಲಿಸುವ ಹಲಗೆ, ಊರುಗೋಲು) ಬಾಡಿಗೆ, ಮಿಕ್ಸರ್, ಅವತ್ತಿನ ಜನದ ಕೂಲಿ ಎಲ್ಲಾ ನಿಮ್ಮ ಜೇಬಿನಿಂದ. ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಿ ಮುಗಿದ ದಿನ ಕಂತು ಬರಬೇಕು, ದುಡ್ಡು ಬಂದ ಮೇಲೆ ಕಾಂಕ್ರೀಟ್. ಕೊನೆಗೆ ಉಳಿಯುವುದು 5% ಮೀರಬಾರದು. ನಿಮ್ಮದು 10% ಉಳಿದಿದೆ, ಅದೇ ನಿಮ್ಮ ಪೂರ್ತಿ ಲಾಭ ಅಲ್ವಾ?

ಇನ್ನೊಂದು. ಅಂಗಡಿಯಲ್ಲಿ ಕಾರ್ಬನ್ ಹಾಕಿ ಬರೆಯುವ ಬಿಲ್ ಪುಸ್ತಕ ಸಿಗುತ್ತದಲ್ಲ, ಅಂಥದ್ದೊಂದು ಪ್ರತಿ ಸೈಟಿನಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸಜ್ಜಾ ಮೇಲೆ ಇಟ್ಟಿರುತ್ತೇನೆ. ಮಾಲೀಕರು ಬಂದು 'ಇಲ್ಲೊಂದು ಶೋಕೇಸ್ ಮಾಡಿಬಿಡಿ' ಅಂದ ತಕ್ಷಣ ಅವರ ಎದುರಿಗೇ ಬರೆಯುತ್ತೇನೆ: ತಾರೀಖು, ಏನು ಕೆಲಸ, ಎಷ್ಟು ರೂಪಾಯಿ. ಬಿಳಿ ಹಾಳೆ ಅವರಿಗೆ, ಹಳದಿ ಹಾಳೆ ನನಗೆ. ಅರ್ಧ ಜನ ರೇಟು ನೋಡಿ 'ಸರಿ ಬಿಡಿ, ಬೇಡ' ಅನ್ನುತ್ತಾರೆ. ಅದೂ ಒಳ್ಳೆಯದೇ. ಜಗಳ ಆಗುವುದು ಬೇಡ ಅಂದದ್ದಕ್ಕಲ್ಲ, ಬರೆಯದೆ ಮಾಡಿದ್ದಕ್ಕೆ.

ಹುಬ್ಬಳ್ಳಿ_ಹೊಸಮನೆ

ನಾನು ಕಂಟ್ರಾಕ್ಟರ್ ಅಲ್ಲ, ಎರಡು ವರ್ಷದ ಹಿಂದೆ ಮನೆ ಕಟ್ಟಿಸಿದವಳು. ಕೊನೆ ಕಂತು ಹಿಡಿದುಕೊಂಡದ್ದು ನಾನೂ ಮಾಡಿದ್ದೇನೆ, ಯಾಕೆ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು. ದುಡ್ಡು ಉಳಿಸಲು ಅಲ್ಲ. ನಮ್ಮ ಕಂಟ್ರಾಕ್ಟರ್ ಪ್ಲಾಸ್ಟರ್ ಮುಗಿಯುವ ಹೊತ್ತಿಗೆ ಫೋನ್ ಎತ್ತುವುದು ಕಡಿಮೆ ಮಾಡಿದರು. ಮೇಲಿನ ಬಾತ್‌ರೂಮಿನಿಂದ ಕೆಳಗಿನ ಹಾಲ್ ಸೀಲಿಂಗಿಗೆ ತೇವ ಇಳಿಯಿತು. ಕರೆದರೆ ನಾಳೆ, ನಾಡಿದ್ದು. ಆಗ ನಮ್ಮ ಕೈಯಲ್ಲಿ ಉಳಿದದ್ದು ಆ ಒಂದು ಕಂತು ಮಾತ್ರ. ಪೂರ್ತಿ ಕೊಟ್ಟುಬಿಟ್ಟರೆ ಇವರು ತಿರುಗಿ ಬರುತ್ತಾರಾ ಅನ್ನುವ ಅಂಜಿಕೆ. ಬ್ಯಾಂಕ್ ಸಾಲ ಮಾಡಿ ಒಂದೇ ಮನೆ ಕಟ್ಟಿಸುವವರಿಗೆ ಆ ಅಂಜಿಕೆ ಸಣ್ಣದಲ್ಲ.

ನೀವು ಮುಂಚೆಯೇ ಒಂದು ಮಾತು ಬರೆದುಬಿಡಿ: ಇಂತಿಷ್ಟು ದುಡ್ಡು ಒಂದು ಮಳೆಗಾಲ ಕಳೆಯುವವರೆಗೆ ಮಾಲೀಕರ ಹತ್ತಿರ ಇರುತ್ತದೆ, ಸೋರಿಕೆ, ಬಿರುಕು ಬಂದರೆ ಇಷ್ಟು ದಿನದೊಳಗೆ ಬಂದು ಸರಿ ಮಾಡುತ್ತೇನೆ, ಆಮೇಲೆ ಆ ದುಡ್ಡು ಬರಬೇಕು. ದೊಡ್ಡ ಕೆಲಸಗಳಲ್ಲಿ ರಿಟೆನ್ಷನ್ ಅಂತ ಇರುತ್ತದಂತೆ. ಹೀಗೆ ಬರೆದುಕೊಟ್ಟ ಕಂಟ್ರಾಕ್ಟರ್ ಸಿಕ್ಕಿದ್ದರೆ ನಾನು ಉಳಿದ ಕಂತುಗಳನ್ನು ಒಂದು ದಿನವೂ ತಡ ಮಾಡುತ್ತಿರಲಿಲ್ಲ.

ಮತ್ತೆ ಫೋಟೊ. ಗೋಡೆ ಕೊರೆದು ಪೈಪು ಹಾಕಿದ ಮೇಲೆ, ಪ್ಲಾಸ್ಟರ್ ಮಾಡುವ ಮೊದಲು, ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದು ಕಳಿಸಿ. ನಮ್ಮ ಮನೆಯಲ್ಲಿ ಒಂದು ಕನ್ನಡಿ ನೇತುಹಾಕಲು ಮೊಳೆ ಹೊಡೆದು ಬಿಸಿನೀರಿನ ಪೈಪೇ ಒಡೆಯಿತು. ಆ ಫೋಟೊ ಇದ್ದಿದ್ದರೆ ಐದು ನಿಮಿಷದ ಕೆಲಸ.

ಸೈಟ್_ಇಂಜಿನಿಯರ್_ದಾವಣಗೆರೆ

ಮೇಲಿನವರು ತೇವದ ಬಗ್ಗೆ ಹೇಳಿದ್ದು ಸರಿ. ಬಾತ್‌ರೂಂ ಸಂಕನ್ ಸ್ಲ್ಯಾಬಿಗೆ (ಪೈಪಿಗಾಗಿ ತಗ್ಗಿಸಿ ಹಾಕಿದ ಸ್ಲ್ಯಾಬ್) ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪಿನ ಬಾಯಿ ಕಟ್ಟಿ 48 ಗಂಟೆ ನೀರು ನಿಲ್ಲಿಸಿ. ಗೋಡೆ ಮೇಲೆ ಪೆನ್ಸಿಲಿನಲ್ಲಿ ನೀರಿನ ಮಟ್ಟ ಗುರುತು ಮಾಡಿ, ಮಾಲೀಕರನ್ನು ಕರೆದು ಕೆಳಗಿನ ಸೀಲಿಂಗ್ ತೋರಿಸಿ, ಫೋಟೊ ತೆಗೆಯಿರಿ. ಇದಾಗದೆ ಒಂದು ಬುಟ್ಟಿ ಮಣ್ಣೂ ತುಂಬಬೇಡಿ. ಈಗಿನ ನಿಮ್ಮ ಮನೆಗೆ ಮೊದಲು ನೋಡಬೇಕಾದದ್ದು ನಲ್ಲಿ ಬಿಟ್ಟಾಗ ಮಾತ್ರ ತೇವ ಜಾಸ್ತಿ ಆಗುತ್ತದಾ, ಸ್ನಾನ ಆದಾಗ ಆಗುತ್ತದಾ, ಮಳೆ ಬಂದಾಗ ಆಗುತ್ತದಾ ಅಂತ. ಮೂರಕ್ಕೂ ಮದ್ದು ಬೇರೆ ಬೇರೆ. ನಾಳೆಯೇ ಹೋಗಿ ನೋಡಿ, ದುಡ್ಡಿನ ಮಾತು ಅವತ್ತು ಎತ್ತಬೇಡಿ.

ಮೆಟೀರಿಯಲ್ಲಿನ ತೂಕ, ಗುಣದ ಬಗ್ಗೆ ಯಾರೂ ಹೇಳಲಿಲ್ಲ, ಮೆಟೀರಿಯಲ್ ಸಮೇತ ತಗೊಂಡವರ ಲಾಭ ಸೋರುವ ತೂತು ಅದೇ. ಟಿಎಂಟಿ ಕಂಬಿ ಎಣಿಕೆ ಲೆಕ್ಕದಲ್ಲಿ ತರುತ್ತೀರಾ, ತೂಕದಲ್ಲಿ ತರುತ್ತೀರಾ? ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಬರುತ್ತದೆ. 8 ಎಂಎಂ ಅಂದರೆ 395 ಗ್ರಾಂ, 12 ಎಂಎಂ ಅಂದರೆ 888 ಗ್ರಾಂ. ಸಣ್ಣ ಕಂಬಿಗೆ ಐಎಸ್ 1786ರಲ್ಲಿ (ಕಂಬಿಯ ಭಾರತೀಯ ಮಾನದಂಡ) ಶೇಕಡ 7ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇದೆ, ಹಾಗಾಗಿ ಹಗುರ ಬಂದ ಮಾತ್ರಕ್ಕೆ ಕಂಬಿ ಕೆಟ್ಟದ್ದಲ್ಲ. ಆದರೆ ಹಗುರ ಕಂಬಿಗೆ ಲೆಕ್ಕದ ತೂಕದಲ್ಲಿ ದುಡ್ಡು ಕೊಟ್ಟರೆ, 7,200 ಕೆಜಿಯಲ್ಲಿ ಶೇಕಡ 6 ಕಡಿಮೆ ಬಂದರೂ 432 ಕೆಜಿ ನೀವು ತರಲೇ ಇಲ್ಲ. ವೇಬ್ರಿಡ್ಜ್ ಚೀಟಿ ಮೇಲೆ ಬಿಲ್ ಮಾಡಿಸಿ. ಖಾಲಿ ಗಾಡಿ ತೂಕವನ್ನೂ ನಿಮ್ಮ ಹುಡುಗ ನಿಂತು ನೋಡಲಿ.

ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಕೂಡ ಹಾಗೇ. ನೆನೆದ ಲೋಡು 10 ಟನ್ ಬಂದು ಅದರಲ್ಲಿ ಶೇಕಡ 6 ನೀರಿದ್ದರೆ ಹತ್ತಿರ ಹತ್ತಿರ 600 ಕೆಜಿ ನೀರಿಗೆ ಮರಳಿನ ರೇಟು ಕೊಟ್ಟ ಹಾಗೆ. ಅದಕ್ಕಿಂತ ದೊಡ್ಡದು ಡಸ್ಟ್ ಬೆರಕೆ. ರಾತ್ರಿ ಒಂಬತ್ತಕ್ಕೆ ಬರುವ ಲೋಡನ್ನು ಟಾರ್ಚ್ ಬೆಳಕಿನಲ್ಲಿ ಯಾರೂ ನೋಡುವುದಿಲ್ಲ. ಒಳ್ಳೆಯ ಎಂ-ಸ್ಯಾಂಡ್ ವಿಎಸ್‌ಐ ಅನ್ನುವ ಕಲ್ಲು ಪುಡಿ ಮಾಡುವ ಮೆಷಿನಿನಲ್ಲಿ ತಯಾರಾಗಿ ತೊಳೆದು ಬಂದಿರುತ್ತದೆ, ಕಾಳು ಕಾಳಾಗಿ ಇರುತ್ತದೆ. ಕ್ರಷರ್ ಡಸ್ಟ್ ಜಲ್ಲಿ ಒಡೆಯುವಾಗ ಉದುರಿದ ಪುಡಿ. ನಾನು ಮಾಡುವುದು ಇಷ್ಟೇ: ಮೊದಲ ಸಲ ಲ್ಯಾಬ್ ರಿಪೋರ್ಟ್ ಸರಿ ಬಂದ ಲೋಡಿನಿಂದ ಒಂದು ಲೀಟರ್ ನೀರಿನ ಬಾಟಲಿಗೆ ಅರ್ಧ ಮರಳು ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಅಲ್ಲಾಡಿಸಿ ಶೆಡ್ಡಿನ ಕಿಟಕಿಯಲ್ಲಿ ಇಡುತ್ತೇನೆ. ಮೂರು ಗಂಟೆ ಆದ ಮೇಲೆ ಮರಳಿನ ಮೇಲೆ ಬೂದಿ ಬಣ್ಣದ ನಯವಾದ ಪದರ ಕೂರುತ್ತದೆ. ಪ್ರತಿ ಹೊಸ ಲೋಡಿಗೂ ಅಂಥದ್ದೇ ಬಾಟಲಿ, ಅಷ್ಟೇ ಅಳತೆ, ಹಳೆಯದರ ಪಕ್ಕ. ಹೊಸದರ ಪದರ ದಪ್ಪ ಇದ್ದರೆ ಆ ಲೋಡು ಕಾಂಕ್ರೀಟಿಗೂ ಬೇಡ, ಪ್ಲಾಸ್ಟರಿಗೂ ಬೇಡ. ಮೇಸ್ತ್ರಿಗಳಿಗೂ ಕಣ್ಣಿಗೆ ಕಾಣುತ್ತದೆ, ವಾದ ಮಾಡಬೇಕಾಗಿಲ್ಲ. ಪುಡಿ ಜಾಸ್ತಿ ಇದ್ದರೆ ಮಾಲು ಬಿಗಿ ಅನ್ನಿಸಿ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ, ಅಲ್ಲಿಗೆ ಕಾಂಕ್ರೀಟಿನ ಬಲ ಹೋಯಿತು. ಎಂ20 ದರ್ಜೆಯ ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟಿಗೆ 25 ಲೀಟರ್ ಆಸುಪಾಸು ನೀರು, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಡ್ರಮ್ಮಿಗೆ ಪೈಪು ಬಿಡುವುದನ್ನು ನಿಲ್ಲಿಸಿ ಅಳತೆ ಬಕೆಟ್ ಇಡಿ.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಅದನ್ನು ನೋಡಿ ಇಳಿಸಿಕೊಳ್ಳಿ. ಸೆಂಟ್ರಿಂಗ್ ಬಾಡಿಗೆ ಉಳಿಸಲು ಬೇಗ ಬಿಚ್ಚಬೇಡಿ. ಕಾಂಕ್ರೀಟಿನ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಊರುಗೋಲು ಕನಿಷ್ಠ 7 ದಿನ, ಅದಕ್ಕಿಂತ ಉದ್ದವಾದರೆ 14 ದಿನ. ಬೀಮಿಗೆ 6 ಮೀಟರ್‌ವರೆಗೆ 14 ದಿನ, ಮೇಲೆ 21. ಇದು ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟಿನ ಲೆಕ್ಕ. ನಾವೀಗ ಹೆಚ್ಚಾಗಿ ಬಳಸುವ ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್) ನಿಧಾನವಾಗಿ ಗಟ್ಟಿಯಾಗುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ದಿನ ಬಿಡಿ, ನೀರು ಕಟ್ಟುವುದೂ 10 ದಿನಕ್ಕೆ ಕಡಿಮೆ ಬೇಡ.

ಪ್ರತಿ ಮೋಲ್ಡಿಂಗಿಗೂ ಕ್ಯೂಬ್ (ಬಲ ಪರೀಕ್ಷೆಗೆ ಕಾಂಕ್ರೀಟಿನ ಘನ) ತೆಗೆದು 28 ದಿನದ ರಿಪೋರ್ಟನ್ನು ಮುಂದಿನ ಬಿಲ್ಲಿನ ಜೊತೆ ಪಿನ್ ಮಾಡಿ ಕೊಡುತ್ತೇವೆ. ಖರ್ಚು ತೀರಾ ಕಡಿಮೆ. ಆ ಹಾಳೆ ನೋಡಿದ ಮೇಲೆ ಚದರಡಿಗೆ ಐವತ್ತು ಕಡಿಮೆ ಮಾಡಿ ಅನ್ನುವ ಮಾತು ನನಗೆ ಅಪರೂಪವಾಗಿಬಿಟ್ಟಿದೆ.

ತುಮಕೂರು_ಕಟ್ಟಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಟಲಿ ಇವತ್ತೇ ಇಟ್ಟೆ. ಒಂದು ಕೇಳಬೇಕು. ನಾನು ಇಲ್ಲಿಯವರೆಗೆ ಜಿಎಸ್‌ಟಿ ನಂಬರ್ ಮಾಡಿಸಿಲ್ಲ. ಸಣ್ಣ ಮನೆ ಕೆಲಸಕ್ಕೆ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಮಾಲೀಕರು ಕ್ಯಾಶ್ ಕೊಡುತ್ತೇನೆ ಅಂದಾಗಲೂ ತಗೊಂಡಿದ್ದೇನೆ.

ಲೆಕ್ಕದ_ಪುಸ್ತಕ

ಎಲ್ಲರೂ ಹೇಳುವುದು ಅರ್ಧ ಸರಿ. ಒಂಟಿ ಮನೆಗೆ ಬರೀ ಲೇಬರ್ ಕಂಟ್ರಾಕ್ಟ್ ಆದರೆ ಜಿಎಸ್‌ಟಿ ವಿನಾಯಿತಿ ಇದೆ. ಮೆಟೀರಿಯಲ್ ಸಮೇತ ಅಂದರೆ ಅದು ವರ್ಕ್ಸ್ ಕಂಟ್ರಾಕ್ಟ್, 18%. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಆಗಲೇಬೇಕು. ನಿಮ್ಮದು ಒಂದೇ ಮನೆ 35 ಲಕ್ಷ. ತಡ ಮಾಡದೆ ಹತ್ತಿರದ ಲೆಕ್ಕಪರಿಶೋಧಕರನ್ನು ಕಂಡು ಹಿಂದಿನ ವರ್ಷಗಳನ್ನೂ ತೋರಿಸಿ. ನೋಂದಣಿ ಆದರೆ ಸಿಮೆಂಟ್, ಕಬ್ಬಿಣಕ್ಕೆ ಕೊಟ್ಟ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದಕ್ಕೆ ಪಕ್ಕಾ ಬಿಲ್ ಬೇಕು. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 28 ಇದ್ದದ್ದು 18ಕ್ಕೆ ಇಳಿದಿದೆ, ಹಳೆಯ ಕೊಟೇಶನ್ ನಕಲು ಮಾಡುವಾಗ ಅದನ್ನು ಸರಿ ಮಾಡಿಕೊಳ್ಳಿ. ಕರಾರಿನಲ್ಲಿ ರೇಟಿನ ಪಕ್ಕದಲ್ಲೇ 'ಜಿಎಸ್‌ಟಿ ಸೇರಿ' ಅಥವಾ 'ಜಿಎಸ್‌ಟಿ ಬೇರೆ' ಅಂತ ಬರೆಯಿರಿ. ಬರೆಯದಿದ್ದರೆ ಆ 18% ಆಮೇಲೆ ಮಾಲೀಕರ ಹತ್ತಿರ ಕೇಳಲು ಆಗುವುದಿಲ್ಲ.

ಕ್ಯಾಶ್ ವಿಷಯದಲ್ಲಿ ಎಚ್ಚರ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ದಂಡ ಬೀಳುವುದು ಕೊಟ್ಟವರಿಗಲ್ಲ, ತಗೊಂಡ ನಿಮಗೆ, ಅದೂ ತಗೊಂಡಷ್ಟೇ ಮೊತ್ತ. ಕಂತು ಕಂತಾಗಿ ತಗೊಂಡೆ ಅಂದರೂ ಮನೆ ಒಂದೇ ಅಲ್ವಾ. ಇನ್ನು ಮುಂದೆ ಎಲ್ಲವೂ ಖಾತೆಗೇ ಬರಲಿ.

ಹಾಸನ_ಗಾರೆ

ಲೇಬರ್ ಕಂಟ್ರಾಕ್ಟ್‌ಗೆ ಹೋಗಲಾ ಅಂತ ಕೇಳಿದ್ದಿರಿ. ನಿಮ್ಮ ಸದ್ಯದ ಸ್ಥಿತಿಯಲ್ಲಿ ಒಂದೆರಡು ಮನೆ ಹಾಗೆ ಮಾಡಿ. ಕಬ್ಬಿಣಕ್ಕೆ ದುಡ್ಡು ಹೂಡುವ ತಲೆನೋವು ಇರುವುದಿಲ್ಲ, ಕೈ ಸ್ವಲ್ಪ ಗಟ್ಟಿಯಾಗುತ್ತದೆ. ಆದರೆ ಮೆಟೀರಿಯಲ್ ತಡವಾಗಿ ಜನ ಸುಮ್ನೆ ಕೂತರೆ ದಿನಕ್ಕೆ ಇಷ್ಟು ಅಂತ ಅದರಲ್ಲೂ ಬರೆಯಿರಿ.

ಜನದ ಬಗ್ಗೆ ಒಂದು ಮಾತು. ಮೂರು ವರ್ಷದ ಹಿಂದೆ ನಮ್ಮ ಸೈಟಿನಲ್ಲಿ ಸಾರುವೆ ಹಗ್ಗ ಜಾರಿ ಹುಡುಗನೊಬ್ಬ ಬಿದ್ದು ತೊಡೆ ಮೂಳೆ ಮುರಿದುಕೊಂಡ. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಕೊಡಲೇಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಅವತ್ತು ಅವನಿಗೆ ಕಾರ್ಮಿಕ ಕಾರ್ಡ್ ಇರಲಿಲ್ಲ ಅನ್ನುವುದು ಈಗಲೂ ನನ್ನನ್ನು ಕೊರೆಯುತ್ತದೆ. 18ರಿಂದ 60 ವರ್ಷದೊಳಗಿದ್ದು ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಆ 90 ದಿನದ ದಾಖಲೆಗೆ ನಮ್ಮ ಹಾಜರಿ ಪುಸ್ತಕವೇ ಆಧಾರ. ಅವರ ಹೆಸರು ಬರೆದು, ದಿನ ಗುರುತು ಮಾಡಿ ಇಡಿ. ಕೆಲಸದವರ ವಿಮೆಯ ದುಡ್ಡನ್ನೂ ರೇಟಿನಲ್ಲೇ ಸೇರಿಸಿ.

ತುಮಕೂರು_ಕಟ್ಟಡ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಹಳೆ ಮನೆಗೆ ಹೋಗಿ ನೋಡಿದೆ. ಮಳೆಯೂ ಅಲ್ಲ, ಸ್ನಾನದ ನೀರೂ ಅಲ್ಲ. ಗೀಸರ್ ಕಡೆ ಹೋಗುವ ಪೈಪಿನ ಒಂದು ಎಲ್ಬೋ (ತಿರುವಿನ ಜೋಡಣೆ) ಸಣ್ಣಗೆ ಸೋರುತ್ತಿತ್ತು. ಎರಡು ಟೈಲ್ಸ್ ತೆಗೆದು ಬದಲಾಯಿಸಿದೆವು, ಗೋಡೆ ಒಣಗುತ್ತಿದೆ. ದುಡ್ಡು ಕೇಳಲಿಲ್ಲ. ಮೂರನೇ ದಿನ ಅವರೇ ಎರಡು ಲಕ್ಷ ಖಾತೆಗೆ ಹಾಕಿದರು, ಉಳಿದದ್ದು ಮಳೆಗಾಲ ಆದ ಮೇಲೆ ಅಂದರು. ಒಪ್ಪಿಕೊಂಡೆ, ಈ ಸಲ ಬರೆದುಕೊಂಡೆ.

ಆ ಎರಡು ಲಕ್ಷ ಹೊಸ ಮನೆಯ ಖಾತೆಗೆ ತಿರುಗಿ ಹಾಕಿದ್ದೇನೆ. ಹೊಸ ಕರಾರು ಒಂಬತ್ತು ಪುಟ ಆಯಿತು. ಮೊದಲು ಮಾಲೀಕರು 'ಇಷ್ಟೆಲ್ಲಾ ಬೇಕಾ' ಅಂದರು. ಕೂತು ಒಂದೊಂದೇ ಸಾಲು ಓದಿ ಹೇಳಿದೆ, ಎರಡು ಗಂಟೆ ಹಿಡಿಯಿತು. ಪೋರ್ಟಿಕೊ ಅರ್ಧ ಲೆಕ್ಕ ಮಾತ್ರ ಒಪ್ಪಲಿಲ್ಲ, ಬಿಟ್ಟುಕೊಟ್ಟೆ. ಕಬ್ಬಿಣದ ಮೂಲ ರೇಟು ಒಪ್ಪಿದರು. ಜಿಎಸ್‌ಟಿಗೆ ಅರ್ಜಿ ಹಾಕಿ ಆಯಿತು, ಹಿಂದಿನ ವರ್ಷದ್ದು ಲೆಕ್ಕಪರಿಶೋಧಕರು ನೋಡುತ್ತಿದ್ದಾರೆ. ಕಾರ್ಬನ್ ಪುಸ್ತಕ ಎರಡು ತಂದಿಟ್ಟಿದ್ದೇನೆ. ಸೋಮವಾರ ಬೆಳಗ್ಗೆ ಪಾಯದ ಮಾರ್ಕಿಂಗ್.